ವ್ಯಾಂಪೈರ್ ಪ್ರೇಮಕಥೆ ಮಧ್ಯದಲ್ಲಿ ಎಳೆಯುತ್ತಿದೆ ಅಂತಾರೆ, ಪ್ರತಿ ಅಧ್ಯಾಯದ ಕೊನೆಗೂ ಒಂದು ಸಸ್ಪೆನ್ಸ್ ಇಡಲಾ?

ಇಡಬೇಡಿ. ನಾನು ಇಟ್ಟು ಕೆಟ್ಟವಳು.

ನಾಲ್ಕು ವರ್ಷದ ಹಿಂದೆ ಒಂದು ಆ್ಯಪ್‌ನಲ್ಲಿ ಕಂತು ಕಂತಾಗಿ ಬರೆದೆ. ಮಂಜು ಕವಿದ ಸಕಲೇಶಪುರ, ಪಿಯುಸಿ ಹುಡುಗಿ, ಕಾಲೇಜಿಗೆ ಹೊಸದಾಗಿ ಸೇರಿದ ಬಿಳಿಚಿಕೊಂಡ ಹುಡುಗ. ಅವನು ಯಾರು ಅನ್ನೋದನ್ನ ಹತ್ತೊಂಬತ್ತು ಕಂತು ಮುಚ್ಚಿಟ್ಟೆ. ಮುಖಪುಟದಲ್ಲಿ ಮಾತ್ರ ಎರಡು ಕೋರೆಹಲ್ಲು, ಒಂದು ಹನಿ ರಕ್ತ! ಓದುವವರಿಗೆಲ್ಲ ಮೊದಲ ದಿನವೇ ಗೊತ್ತು. ಗೊತ್ತಿಲ್ಲದವಳು ನಾಯಕಿ ಒಬ್ಬಳೇ. ‘ನಿನ್ನ ಕೈ ಯಾಕೆ ಇಷ್ಟು ತಣ್ಣಗಿದೆ?’ ಅಂತ ಆರು ಸಲ ಕೇಳಿದ್ದಾಳೆ. ಆಮೇಲೆ ಎಣಿಸಿ ನೋಡಿದೆ.

ಕಥೆ ಮುಂದೆ ಹೋಗುತ್ತಿಲ್ಲ ಅಂತ ನನಗೂ ಅನಿಸಿತ್ತು. ಅದಕ್ಕೆ ನೀವು ಕೇಳುತ್ತಿರೋ ಮದ್ದನ್ನೇ ಹಾಕಿದೆ. ಬೆಳಗಿನ ಜಾವ, ಕತ್ತಲು, ಬಾಗಿಲು ಟಕ್ ಟಕ್... ಮುಂದಿನ ಕಂತಿನಲ್ಲಿ ನೋಡಿದರೆ ಹಾಲಿನವನು. ಇನ್ನೊಂದರಲ್ಲಿ ಹಿಂದಿನಿಂದ ಭುಜದ ಮೇಲೆ ಕೈ, ತಿರುಗಿದರೆ ಗೆಳತಿ. ಹನ್ನೊಂದನೇ ಕಂತಿಗೆ ಒಬ್ಬರು ಬರೆದರು: ‘ಅಕ್ಕಾ, ಈ ಸಲ ಹಾಲಿನವನಾ, ಪೇಪರಿನವನಾ?’ ಕಪಾಳಕ್ಕೆ ಬಾರಿಸಿದ ಹಾಗಾಯ್ತು.

ನನ್ನ ತಪ್ಪು ಏನು ಗೊತ್ತಾ? ಬಾಗಿಲು ತೆಗೆದ ಮೇಲೂ ಹುಡುಗಿ ಅದೇ ಹುಡುಗಿ, ಮನೆ ಅದೇ ಮನೆ. ಆ ಕಂತನ್ನೇ ಕಿತ್ತುಹಾಕಿದರೂ ಕಥೆಗೆ ಏನೂ ಆಗುತ್ತಿರಲಿಲ್ಲ. ಹೀಗೆ ಸುಮ್ನೆ ಸುಮ್ನೆ ಹೆದರಿಸಿ, ಹುಲಿ ಬಂತು ಹುಲಿ ಅಂದು ಅಂದು, ಹುಲಿ ಬಂದಾಗ ಯಾರೂ ತಲೆ ಎತ್ತಲಿಲ್ಲ. ಇಪ್ಪತ್ತನೇ ಕಂತಿನಲ್ಲಿ ಅವನು ಕೊನೆಗೂ ‘ನಾನು ಮನುಷ್ಯ ಅಲ್ಲ’ ಅಂದ. ಬಂದ ಕಾಮೆಂಟು ಒಂದೇ: ‘ಹೌದಾ.’

‘ಟ್ವಿಲೈಟ್’ ಕೂಡ ನಿಧಾನವೇ ಅಲ್ವಾ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಿಧಾನವೇ. ಸ್ಟೆಫನಿ ಮೇಯರ್ ಅವರ ಆ 2005ರ ವ್ಯಾಂಪೈರ್ ಪ್ರೇಮ ಕಾದಂಬರಿಯಲ್ಲಿ 24 ಅಧ್ಯಾಯ. ನಾಯಕಿಯ ಬೆನ್ನುಹತ್ತುವ ವ್ಯಾಂಪೈರ್ ಜೇಮ್ಸ್ ಕಣ್ಣಿಗೆ ಬೀಳುವ ಹೊತ್ತಿಗೆ 17 ಮುಗಿದಿರುತ್ತವೆ. ನನಗಂತೂ ಅದು ಜಾಸ್ತಿಯೇ ಆಯ್ತು. ಆದರೆ ನಾಯಕ ಎಡ್ವರ್ಡ್ ವ್ಯಾಂಪೈರ್ ಎಂದು ನಾಯಕಿ ಬೆಲ್ಲಾಗೆ ಅರ್ಧ ಪುಸ್ತಕದೊಳಗೇ ಗೊತ್ತಾಗುತ್ತದೆ. ಗೊತ್ತಿದ್ದೂ ಅವನ ಪಕ್ಕ ಕೂರುತ್ತಾಳಲ್ಲ, ಅದಕ್ಕೇ ಪುಟ ತಿರುವುತ್ತೇವೆ. ನಾನು ನಿಧಾನವನ್ನಷ್ಟೇ ಕದ್ದೆ.

ಸಸ್ಪೆನ್ಸ್ ಕಲಿಯಬೇಕಾದರೆ ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ ತೆಗೆಯಿರಿ. 1897ರದು. ಕೌಂಟ್ ಡ್ರಾಕುಲಾ ಎಂಥವನೆಂದು ಮೊದಲ ನಾಲ್ಕು ಅಧ್ಯಾಯದಲ್ಲೇ ನಮಗೆ ಗೊತ್ತು. ಆಮೇಲೆ ಲೂಸಿಯ ಕತ್ತಿನಲ್ಲಿ ಎರಡು ಸಣ್ಣ ಗಾಯ. ಶಾಲಿಗೆ ಪಿನ್ನು ಹಾಕುವಾಗ ತಾನೇ ಚುಚ್ಚಿಬಿಟ್ಟೆ ಅಂತ ಅವಳ ಗೆಳತಿ ಮೀನಾ ಪಾಪ ನೊಂದುಕೊಳ್ಳುತ್ತಾಳೆ. ‘ಪಿನ್ನಲ್ಲ ಕಣೇ!’ ಅಂತ ನಾವು ಒದ್ದಾಡುತ್ತೇವೆ.

ನಿಮ್ಮ ಹುಡುಗಿಗೆ ಮೂರನೇ ಅಧ್ಯಾಯದಲ್ಲೇ ಹೇಳಿಬಿಡಿ. ಅವಳ ಅಮ್ಮನಿಗೆ ಹೇಳಬೇಡಿ. ಅಮ್ಮ ಅವನನ್ನ ಊಟಕ್ಕೆ ಕರೆಯಲಿ. ಬಡಿಸುತ್ತಾ ‘ಯಾಕಪ್ಪಾ, ಏನೂ ತಿಂತಾನೇ ಇಲ್ವಲ್ಲ’ ಅನ್ನಲಿ.

ನಾನು ತಿದ್ದಿ ಬರೆದಾಗ ಆ ಹತ್ತೊಂಬತ್ತರಲ್ಲಿ ಆರು ಕಂತು ಉಳಿದವು. ಹಾಲಿನವನನ್ನೂ ಉಳಿಸಿಕೊಂಡೆ. ಆರನೇ ಕಂತಿನ ಬೆಳಗ್ಗೆ ಅವನು ಬಾಗಿಲು ತಟ್ಟುವುದಿಲ್ಲ. ಹಾಲಿನ ಕ್ಯಾನು ಗೇಟಿನ ಹತ್ತಿರ ಉರುಳಿ ಬಿದ್ದಿರುತ್ತದೆ. ಅಮ್ಮ ಬೆಕ್ಕನ್ನ ಬೈಯುತ್ತಾರೆ. ಹುಡುಗಿ ಮಾತಾಡುವುದಿಲ್ಲ.