ಘಟ್ಟದ ಮೇಲಿನ ಭಾನುವಾರ

ಶನಿವಾರ, ಭಾನುವಾರ ಏನು ಮಾಡುತ್ತೀರಿ ಅಂತ ಕೇಳಿದಿರಿ. ಶಿವಮೊಗ್ಗ ಜಿಲ್ಲೆಯವರಾಗಿ ಮಾತು ಮಾತಿಗೆ ಉಡುಪಿ ಹೆಸರು ಯಾಕೆ ಬರುತ್ತದೆ ಅಂತಲೂ ಕೇಳಿದಿರಿ. ಎರಡನೆಯದನ್ನು ಮೊದಲು ಹೇಳುತ್ತೇನೆ.

ನಮ್ಮನೆ ತೀರ್ಥಹಳ್ಳಿ ತಾಲ್ಲೂಕಿನ ಅಂಚಿನಲ್ಲಿದೆ. ಮೇಗರವಳ್ಳಿ ದಾಟಿ ಆಗುಂಬೆ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಗೆ. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿಲೋಮೀಟರ್, ಉಡುಪಿಗೆ ಸುಮಾರು 55. ಹಾಗಾಗಿ ಸರ್ಕಾರಿ ಕಾಗದಕ್ಕೆ ಶಿವಮೊಗ್ಗ, ಉಳಿದದ್ದಕ್ಕೆಲ್ಲ ಘಟ್ಟದ ಕೆಳಗೆ. ದೊಡ್ಡಾಸ್ಪತ್ರೆ ಅಂದರೆ ನಮಗೆ ಮಣಿಪಾಲ. ಮೀನು ಮಲ್ಪೆಯದು. ಹರಕೆ ಮಂದಾರ್ತಿ ಅಮ್ಮನಿಗೆ.

ನನ್ನ ಅಜ್ಜಿ ಸೋಮೇಶ್ವರದ ಕಡೆಯವರು. ಘಟ್ಟ ಇಳಿದ ಕೂಡಲೇ ಸಿಗುವ ಊರು ಅದು. 1956ಕ್ಕೆ ಮುಂಚೆ ಘಟ್ಟದ ಮೇಲೆ ಮೈಸೂರು ರಾಜ್ಯ, ಕೆಳಗೆ ಮದರಾಸು. ಲೆಕ್ಕ ಹಾಕಿದರೆ ಅಜ್ಜಿಯದು ಬೇರೆ ರಾಜ್ಯದ ಸಂಬಂಧ! ಅವರಿಗೆ ಅದೆಲ್ಲ ತಲೆಗೇ ಹೋಗಿರಲಿಲ್ಲ. ತವರಿಗೆ ಹೊರಟರೆ "ಕೆಳಗೆ ಹೋಗಿ ಬರ್ತೀನಿ" ಅನ್ನುತ್ತಿದ್ದರು, ಅಷ್ಟೇ. ಶೃಂಗೇರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಇವತ್ತಿಗೂ ಎಸ್.ಕೆ. ಬಾರ್ಡರ್ ಅನ್ನುವ ಜಾಗ ಇದೆ. ಎಸ್.ಕೆ. ಅಂದರೆ ಸೌತ್ ಕೆನರಾ. ಅದು ದಕ್ಷಿಣ ಕನ್ನಡವಾಗಿ, ಅದರಿಂದ 1997ರಲ್ಲಿ ಉಡುಪಿ ಬೇರೆಯಾಗಿ ಎಷ್ಟೋ ಕಾಲ ಆಯಿತು. ಜನರ ಬಾಯಲ್ಲಿ ಮಾತ್ರ ಅದೇ ಹೆಸರು.

ಈಗ ಭಾನುವಾರಕ್ಕೆ ಬರೋಣ. ನನಗೆ 52 ವರ್ಷ. ಊರಿನ ಸೊಸೈಟಿಯಲ್ಲಿ ಗುಮಾಸ್ತ. ಬೆಳೆ ಸಾಲ, ಗೊಬ್ಬರ, ಪಹಣಿ ಜೆರಾಕ್ಸ್ ಹಿಡಿದು ಬರುವ ಜನ, ಮಾರ್ಚ್ ಕೊನೆಯ ನೂಕುನುಗ್ಗಲು. ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಮನೆಯಲ್ಲಿ ಎರಡು ಎಕರೆ ಅಡಿಕೆ ತೋಟ ಇದೆ. ವಾರಪೂರ್ತಿ ಆಫೀಸು ಅಂದ ಮೇಲೆ ತೋಟಕ್ಕೆ ಉಳಿಯುವುದು ಭಾನುವಾರವೇ ಅಲ್ವಾ? ರಜೆಯ ಸುಸ್ತನ್ನು ನಾನು ಸೋಮವಾರ ಸೊಸೈಟಿಯ ಕುರ್ಚಿಯಲ್ಲಿ ಕೂತು ಆರಿಸಿಕೊಳ್ಳುತ್ತೇನೆ.

ದೀಪಾವಳಿ ಆಸುಪಾಸಿನಲ್ಲಿ ಕೊಯ್ಲು ಜೋರು. ಮರ ಹತ್ತಿ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಯುವ ಕೊನೆಗಾರನಿಗೆ ಗುರುವಾರದಿಂದಲೇ ಫೋನ್ ಮಾಡಬೇಕು. ಭಾನುವಾರ ಬೆಳಿಗ್ಗೆ ಅವನ ಬೈಕ್ ಸದ್ದು ಕೇಳುವವರೆಗೆ ನಂಬುವ ಹಾಗಿಲ್ಲ. ಅವನು ಮರದ ಮೇಲೆ, ನಾನು ಕೆಳಗೆ ಹಗ್ಗ ಹಿಡಿದು. ಕೊನೆ ಹಗ್ಗದ ಮೇಲೆ ಸುಂಯ್ ಅಂತ ಜಾರಿ ಬರುತ್ತದೆ. ಹಿಡಿಯುವುದು ಸುಲಭ ಅಂದುಕೊಳ್ಳಬೇಡಿ, ಮರುದಿನ ಭುಜ ಎತ್ತಲಾಗುವುದಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯಬಹುದು. ಆದರೆ ದಿನವಿಡೀ ಕತ್ತು ಮೇಲೆ ಮಾಡಿ ನಿಲ್ಲುವ ಕಷ್ಟ ಬೇರೆ.

ನಮ್ಮಲ್ಲಿ ಅಡಿಕೆ ಹಸಿರಿರುವಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕೆಂಪು ರಸ) ಬೇಯಿಸಿ ಒಣಗಿಸುತ್ತಾರೆ. ಕರಾವಳಿಯವರ ಹಾಗೆ ಹಣ್ಣು ಒಣಗಿಸಿ ಚಾಲಿ ಮಾಡುವುದು ಕಡಿಮೆ. ಹೆಂಡತಿಯ ಅಣ್ಣನಿಗೆ ಇದು ಸುಮ್ನೆ ಎರಡು ಪಟ್ಟು ಕೆಲಸ ಅನಿಸುತ್ತದೆ. "ಎಂತ ಭಾವ, ಬಿಸಿಲಿಗೆ ಹಾಕಿ ಬಿಟ್ಟರೆ ಆಗುದಿಲ್ವ?" ಅನ್ನುತ್ತಾರೆ. ಮೊದಲೆಲ್ಲ ರಾತ್ರಿ ಹನ್ನೊಂದರವರೆಗೂ ಅಂಗಳದಲ್ಲಿ ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುತ್ತಿದ್ದರು. ಊರಿನ ಸುದ್ದಿಯೆಲ್ಲ ಅಲ್ಲೇ ಸುಲಿದು ಆಗುತ್ತಿತ್ತು. ಈಗ ಮೆಷಿನ್, ಅದರ ಗದ್ದಲದಲ್ಲಿ ಮಾತಿಗೆ ಜಾಗ ಇಲ್ಲ. ಹಂಡೆಯ ಕೆಲಸ ನನ್ನದು. ಚೊಗರಿನ ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ. ಸೋಮವಾರ ಲೆಡ್ಜರಿನ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಗುರುತು ಇದ್ದೇ ಇರುತ್ತದೆ.

ಬೇಸಿಗೆಯ ಭಾನುವಾರ ಸೊಪ್ಪಿನ ಬೆಟ್ಟದಿಂದ ದರಗು, ಅಂದರೆ ಒಣ ಎಲೆ, ತರುವುದಕ್ಕೆ. ಹೋಗುವ ಮುಂಚೆ ಉಣುಗು ಹತ್ತದ ಹಾಗೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಮೇ ಕೊನೆಗೆ ಅಡಿಕೆಗೆ ಔಷಧಿ ಹೊಡೆಯುವುದು: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು, ಇಲ್ಲದಿದ್ದರೆ ಕಾಯಿಗೆ ಕೊಳೆ ರೋಗ ಬರುತ್ತದೆ. ಆದರೆ ಅಷ್ಟು ಹೊತ್ತಿಗೆ ಮಳೆ ಬಿಟ್ಟು ಹೊಳವಾಗಬೇಕಲ್ಲ. ಹೊಳ ಬುಧವಾರ ಬಂದರೆ ಬುಧವಾರವೇ ರಜೆ ಚೀಟಿ. ನಮ್ಮ ಸೆಕ್ರೆಟರಿಗೂ ತೋಟ ಇದೆ, ಕಾರಣ ಕೇಳುವುದಿಲ್ಲ.

ಹೆಂಡತಿ ಹೆಬ್ರಿ ಕಡೆಯವಳು. ತವರಿಗೆ ಫೋನ್ ಮಾಡಿದರೆ ತುಳು, ಅತ್ತೆಯ ಹತ್ತಿರ ಕನ್ನಡ, ಮಕ್ಕಳನ್ನು ಬೈಯುವಾಗ ಎರಡೂ. ಅಮ್ಮನಿಗೆ ಭಾನುವಾರ ಕಡುಬು, ಕೋಳಿ ಸಾರು ಆಗಬೇಕು. ಇವಳಿಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಇಪ್ಪತ್ತೈದು ವರ್ಷ ಆಯಿತು, ಇಬ್ಬರೂ ಸೋತಿಲ್ಲ. ಲಾಭ ನನಗೆ. ಮೀನಿನ ಗಾಡಿ ಹತ್ತು ಗಂಟೆಗೆ ಹಾರ್ನ್ ಹೊಡೆಯುತ್ತಾ ಘಟ್ಟ ಹತ್ತಿ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಯಾಂತ್ರಿಕ ದೋಣಿ ಇಳಿಯದ ಕಾಲ, ಹಾರ್ನೂ ಅಪರೂಪ. ಆಗ ಒಣಮೀನು. ಇಲ್ಲವೇ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತುವ ಮೀನಿಗೆ ಕೂಣಿ, ಅಂದರೆ ಮೀನು ಹಿಡಿಯುವ ಬುಟ್ಟಿ, ಒಡ್ಡುವುದು. ಮಗ ಬೆಂಗಳೂರಿನಿಂದ ರಜೆ ಹಾಕಿ ಬರುವುದು ಹಬ್ಬಕ್ಕಲ್ಲ, ಈ ಹತ್ತುಮೀನಿಗೆ. ಬಂದವನು ಲ್ಯಾಪ್‌ಟಾಪ್ ಹಿಡಿದು ಮನೆ ಹಿಂದಿನ ಗುಡ್ಡ ಹತ್ತುತ್ತಾನೆ. ನೆಟ್‌ವರ್ಕ್ ಸಿಗುವುದು ಅಲ್ಲೇ, ಒಂದು ಹಲಸಿನ ಮರದ ಬುಡದಲ್ಲಿ.

ಇನ್ನು ಘಟ್ಟ. ಹದಿನಾಲ್ಕು ತಿರುವು, ದೊಡ್ಡ ಲಾರಿಗಳಿಗೆ ಬಿಡುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಅಂದ ಮೇಲೆ ಧರೆ ಕುಸಿಯುವುದು, ಮರ ಬೀಳುವುದು ಹೊಸದಲ್ಲ. ಒಂದು ಜುಲೈ ರಾತ್ರಿ ಅಪ್ಪಯ್ಯನಿಗೆ ಉಸಿರು ಕಟ್ಟಿತು. ಪಕ್ಕದ ಮನೆಯ ಜೀಪಿನಲ್ಲಿ ಹೊರಟೆವು. ಏಳೋ ಎಂಟೋ ತಿರುವು ಇಳಿಯುವಾಗ ರಸ್ತೆಗೆ ಅಡ್ಡ ಮರ. ಆಚೆ ಬದಿಯಿಂದ ಒಂದು ಮೀನಿನ ಗಾಡಿ ಬಂದು ನಿಂತಿತ್ತು. ಈ ಕಡೆಯ ಕತ್ತಿ, ಆ ಕಡೆಯ ಗರಗಸ, ಮುಕ್ಕಾಲು ಗಂಟೆ ಕಡಿದೆವು. ಅಪ್ಪಯ್ಯ ಜೀಪಿನೊಳಗಿಂದಲೇ ಎಲ್ಲಿ ಕಡಿಯಬೇಕು ಅಂತ ಹೇಳುತ್ತಿದ್ದರು. ಉಸಿರು ಕಟ್ಟಿದವರು! ಆ ಸಲ ಉಳಿದರು.

ಗುಣವಾಗಿ ಬಂದವರೇ ಮಂದಾರ್ತಿ ಮೇಳದ ಯಕ್ಷಗಾನ ಆಟಕ್ಕೆ ಹರಕೆ ಹೇಳಿಕೊಂಡರು. ಬೇಸಾಯ ಮುಗಿದ ಮೇಲೆ ಕೆಳಗಿನ ಮೇಳಗಳು ಘಟ್ಟ ಹತ್ತಿ ಬರುತ್ತವೆ. ಗದ್ದೆಯಲ್ಲಿ ರಂಗಸ್ಥಳ, ಊರಿಗೆಲ್ಲ ಊಟ. ಆದರೆ ಹರಕೆ ಹೊತ್ತವರ ಸಾಲು ದೊಡ್ಡದು, ವರ್ಷಗಟ್ಟಲೆ ಕಾಯಬೇಕು. ಅಪ್ಪಯ್ಯ ಹೋಗಿ ಐದು ವರ್ಷ ಆಯಿತು. ನಮ್ಮ ಸರದಿ ಇನ್ನೂ ಬಂದಿಲ್ಲ. ರಸೀದಿ ದೇವರ ಫೋಟೋದ ಹಿಂದೆ ಇದೆ, ಮಳೆಗಾಲದ ತೇವಕ್ಕೆ ಹಾಳಾಗದ ಹಾಗೆ ಅಮ್ಮ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟಿದ್ದಾರೆ.