ಸಮುದ್ರದ ಆವಿ ಉಪಗ್ರಹಕ್ಕೆ ಕಾಣತ್ತಾ?

ಪ್ರಶ್ನೆ: ಅರಬ್ಬೀ ಸಮುದ್ರದಿಂದ ದಿನಕ್ಕೆ ಇಷ್ಟು ನೀರು ಆವಿಯಾಗತ್ತೆ ಅಂತ ಸ್ಯಾಟಲೈಟ್ ಲೆಕ್ಕ ಕೊಡ್ತಾರಲ್ಲ ಸರ್, ಆವಿ ಕಣ್ಣಿಗೇ ಕಾಣಲ್ಲ, 700 ಕಿ.ಮೀ. ಮೇಲಿಂದ ಅಳೆಯೋದು ಹೇಗೆ?
– ಓದುಗರೊಬ್ಬರು, ಮಲ್ಪೆ

ಉತ್ತರ: ನಿಮ್ಮ ಅನುಮಾನ ಸರಿಯಾಗೇ ಇದೆ. ಆವಿ ಮೇಲೇಳೋದನ್ನ ಈ ಉಪಗ್ರಹಗಳು ನೇರವಾಗಿ ಅಳೆಯಲ್ಲ. ಹಗ್ಗದ ಮೇಲೆ ಹಾಕಿದ ಒದ್ದೆ ಪಂಚೆ ಯಾವಾಗ ಒಣಗತ್ತೆ ಅಂತ ನಾವು ಹೇಗೆ ಹೇಳ್ತೀವಿ, ಗಾಳಿ ಬೀಸ್ತಿದ್ಯಾ, ಬಿಸಿ ಇದ್ಯಾ, ಗಾಳಿಯಲ್ಲಿ ತೇವ ಎಷ್ಟಿದೆ ಅಂತ ನೋಡಿ ತಾನೇ, ಸಮುದ್ರಕ್ಕೂ ಅದೇ ಮೂರು, ಅವನ್ನ ಸೂತ್ರಕ್ಕೆ ಹಾಕಿ ಆವಿ ಎಷ್ಟು ಅಂತ ತೆಗೀತಾರೆ.

ಇದ್ರಲ್ಲಿ ನಂಗೆ ತುಂಬಾ ಇಷ್ಟ ಗಾಳಿ ಅಳೆಯೋ ರೀತಿ. ಕೆರೆ ದಡದಲ್ಲಿ ನಿಂತಾಗ ಸಣ್ಣ ಗಾಳಿ ಬಂದ್ರೆ ನೀರಲ್ಲಿ ಒಂದು ಕಡೆ ಮಾತ್ರ ಬೆರಳಗಲದ ಅಲೆ ಎದ್ದು ಆ ಜಾಗ ಮಂಕಾಗತ್ತೆ ನೋಡಿ, ಅದನ್ನೇ ಹಿಡಿಯೋದು. ಇಸ್ರೋ 2016ರಲ್ಲಿ ಹಾರಿಸಿದ ಸ್ಕ್ಯಾಟ್‌ಸ್ಯಾಟ್-1, 2022ರ ನವೆಂಬರಲ್ಲಿ ಹಾರಿಸಿದ ಓಷನ್‌ಸ್ಯಾಟ್-3, ಎರಡರಲ್ಲೂ ಸ್ಕ್ಯಾಟರೋಮೀಟರ್ ಅಂತ ಒಂದು ರೇಡಾರ್ ಇಟ್ರು, ಅದರ ತರಂಗದ ಉದ್ದ ಸುಮಾರು 2 ಸೆಂ.ಮೀ., ನೀರು ನುಣ್ಣಗಿದ್ರೆ ಅದು ಆಚೆ ಜಾರಿ ಹೋಗತ್ತೆ, ಸಣ್ಣ ಅಲೆ ಎದ್ದಿದ್ರೆ ಸ್ವಲ್ಪ ಪಾಲು ವಾಪಸ್ ಬರತ್ತೆ, ಎಷ್ಟು ಬಂತು ಅನ್ನೋದ್ರಿಂದ ಗಾಳಿಯ ವೇಗ, ಬೇರೆ ಬೇರೆ ಕೋನದಿಂದ ನೋಡಿದ್ರೆ ದಿಕ್ಕೂ ಸಿಗತ್ತೆ. ಜೋರು ಮಳೆ ಬಿದ್ರೆ ಮಾತ್ರ ಹನಿಗಳೇ ಲೆಕ್ಕ ಕೆಡಿಸಿಬಿಡ್ತವೆ.

ನೀರಿನ ಬಿಸಿಗೆ ಇನ್‌ಫ್ರಾರೆಡ್, ಅಂದ್ರೆ ಶಾಖದ ಕಿರಣ ಹಿಡಿಯೋ ಸೆನ್ಸರ್ ಇದೆ, ಮುಂಗಾರಿನ ಮೋಡ ಅಡ್ಡ ಬಂದ್ರೆ ಅದಕ್ಕೆ ಕಾಣಲ್ಲ. ಮೈಕ್ರೋವೇವ್ ಸೆನ್ಸರ್ ಮೋಡ ದಾಟಿ ನೋಡತ್ತೆ, ಆದ್ರೆ ದಡದ ಹತ್ರ ನೆಲದ ಸಿಗ್ನಲ್ ಬೆರೆತುಹೋಗತ್ತೆ.

ನಿಜವಾದ ಕಷ್ಟ ಗಾಳಿಯ ತೇವದ್ದು. ಉಪಗ್ರಹಕ್ಕೆ ಚೆನ್ನಾಗಿ ಗೊತ್ತಾಗೋದು ಸಮುದ್ರದಿಂದ ಮೇಲಿನವರೆಗೆ ಇಡೀ ಗಾಳಿಯಲ್ಲಿ ಒಟ್ಟು ಎಷ್ಟು ನೀರಾವಿ ಇದೆ ಅನ್ನೋದು, ನಮಗೆ ಬೇಕಿರೋದು ನೀರಿಗೆ ತಾಗಿದಂತಿರೋ ಕೆಳಗಿನ ಹತ್ತು ಮೀಟರಿನದು, ಅದನ್ನ ಅಂದಾಜು ಮಾಡ್ಬೇಕು. ನೀರು ಆವಿಯಾಗೋವಾಗ ಜೊತೆಗೆ ಒಯ್ಯೋ ಶಾಖವನ್ನ ವ್ಯಾಟಲ್ಲಿ ಲೆಕ್ಕ ಹಾಕ್ತಾರೆ, ಚದರ ಮೀಟರಿಗೆ 100 ವ್ಯಾಟ್ ಅಂದ್ರೆ ದಿನಕ್ಕೆ ಸುಮಾರು 3.5 ಮಿ.ಮೀ. ನೀರು, ಹಾಗಾಗಿ ಇಲ್ಲಿ ಸಣ್ಣ ತಪ್ಪಾದ್ರೂ ಇಡೀ ಅರಬ್ಬೀ ಸಮುದ್ರಕ್ಕೆ ಲೆಕ್ಕ ಹಾಕಿದಾಗ ದೊಡ್ಡದೇ ಆಗತ್ತೆ.

ಅದಕ್ಕೇ ಸಮುದ್ರದಲ್ಲಿ ತೇಲೋ ಬೋಯ್‌ಗಳು, ಅಂದ್ರೆ ಅಳತೆ ಸೆನ್ಸರ್ ಇಟ್ಟ ತೇಲುಬುರುಡೆಗಳು ಬೇಕು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಹಾಕಿರೋ ಹಳದಿ ಬೋಯ್‌ಗಳು ಅಲ್ಲೇ ಗಾಳಿ, ಗಾಳಿಯ ತೇವ, ನೀರಿನ ಬಿಸಿ ಎಲ್ಲ ಅಳೆದು ಕಳಿಸ್ತವೆ. ಅದರ ಬುಡದಲ್ಲಿ ಮೀನು ಸೇರತ್ತೆ ಅಂತ ಕೆಲವರು ದೋಣಿ ತಂದು ಅದಕ್ಕೇ ಕಟ್ತಾರೆ, ಸೆನ್ಸರ್ ಮುರಿಯತ್ತೆ. ನೀವು ಮಲ್ಪೆಯವರು, ದಯವಿಟ್ಟು ಕಡಲಿಗೆ ಹೋಗೋ ನಿಮ್ಮ ಪರಿಚಯದವರಿಗೆ ಈ ಮಾತು ಹೇಳಿ. ಒಂದು ಬೋಯ್ ಸುಮ್ಮನಾದ್ರೆ ಆ ಜಾಗದಲ್ಲಿ ಉಪಗ್ರಹ ಹೇಳಿದ್ದು ಸರಿನಾ ಅಂತ ತಾಳೆ ನೋಡೋಕೆ ಏನೂ ಇರಲ್ಲ.