380 ರೂಪಾಯಿ ಬಾಕಿಗೆ ಹೋಮ್ ಲೋನ್ ನಿಂತೋಯ್ತಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಪೇಮೆಂಟ್ ಆ್ಯಪ್, ಬ್ಯಾಂಕ್ ಚಾರ್ಜು, ಸಿಬಿಲ್ (ಸಾಲ ಹೇಗೆ ಕಟ್ಟಿದೀವಿ ಅನ್ನೋದರ ದಾಖಲೆ, ಸ್ಕೋರು) ಇವೇ. ಐದು ಆರಿಸ್ಕೊಂಡಿದೀನಿ. ಒಂದು ಮಾತು, ಖಾತೆ ನಂಬರು, ಕಾರ್ಡ್ ನಂಬರು ಎಲ್ಲಾ ಪತ್ರದಲ್ಲಿ ಬರೆದು ಕಳಿಸ್ಬೇಡಿ, ಅದಿಲ್ದೆನೂ ಉತ್ತರ ಕೊಡಬಹುದು.

ಪ್ರಶ್ನೆ: ಸರ್, ನಾನು ಹೈಸ್ಕೂಲ್ ಟೀಚರ್. ಎರಡು ವರ್ಷದ ಹಿಂದೆ ಒಂದು ಪೇಮೆಂಟ್ ಆ್ಯಪಲ್ಲಿ ‘ಈಗ ತಗೊಳ್ಳಿ, ಮುಂದಿನ ತಿಂಗಳು ಕಟ್ಟಿ’ ಅಂತ ಬಂತು, ಒತ್ತಿದೆ, 380 ರೂಪಾಯಿ ರೀಚಾರ್ಜ್ ಆಯ್ತು. ಆಮೇಲೆ ಫೋನ್ ಹಾಳಾಗಿ ನಂಬರೂ ಬದಲಾಯ್ತು, ಆ ಆ್ಯಪ್ ಮತ್ತೆ ಹಾಕ್ಕೊಳ್ಳಲೇ ಇಲ್ಲ. ಈಗ ಹೋಮ್ ಲೋನ್ ಕೇಳೋಕೆ ಹೋದ್ರೆ ಸ್ಕೋರ್ 610 ಇದೆ, ಒಂದು ಸಾಲ ಓವರ್‌ಡ್ಯೂ ಇದೆ ಅಂದ್ರು. ನಾನು ಹೆಸರೇ ಕೇಳದ ಫೈನಾನ್ಸ್ ಕಂಪನಿ ಅದು. ಫೋನ್ ಮಾಡಿದ್ರೆ 2,140 ಆಗಿದೆ, 1,000 ಕಟ್ಟಿ ಸೆಟಲ್ ಮಾಡ್ಕೊಳ್ಳಿ ಅಂತಾರೆ. 380ಕ್ಕೆ ಅಷ್ಟೊಂದು ನಾನ್ಯಾಕೆ ಕಟ್ಲಿ? (ಹಾಸನ)

ಉತ್ತರ: ಮೇಡಂ, ಮೊದಲು ಆ 1,000 ರೂಪಾಯಿ ಆಫರ್ ಪಕ್ಕಕ್ಕಿಡಿ, ಕಮ್ಮಿ ಆಯ್ತಲ್ಲ ಅಂತ ಕಟ್ಟೋಕೆ ಹೋಗ್ಬೇಡಿ. ಕಮ್ಮಿ ದುಡ್ಡಿಗೆ ಮುಗಿಸಿದ್ರೆ ಕ್ರೆಡಿಟ್ ರಿಪೋರ್ಟಲ್ಲಿ ಆ ಸಾಲದ ಮುಂದೆ ‘ಸೆಟಲ್ಡ್’ ಅಂತ ಬೀಳುತ್ತೆ, ಅಂದ್ರೆ ಇವರು ಪೂರ್ತಿ ಕಟ್ಟಲಿಲ್ಲ, ನಾವೇ ಒಂದಿಷ್ಟು ಬಿಟ್ವಿ ಅಂತ ಅರ್ಥ, ಹೋಮ್ ಲೋನ್ ಕೊಡೋರಿಗೆ ಅದು ಹಿಡಿಸಲ್ಲ. ನಿಮಗೆ ಬೇಕಾಗಿರೋದು ‘ಕ್ಲೋಸ್ಡ್’, ಬಾಕಿ ಸೊನ್ನೆ. ಸಾವಿರ ರೂಪಾಯಿ ಉಳಿಸೋಕೆ ಹೋಗಿ ಇಪ್ಪತ್ತು ವರ್ಷದ ಸಾಲಕ್ಕೆ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಕಟ್ಟೋದು ಯಾವ ಲೆಕ್ಕ.

ಹೆಸರೇ ಕೇಳದ ಕಂಪನಿ ಅಂದ್ರಲ್ಲ, ಅದು ಹಾಗೇ ಇರುತ್ತೆ. ಆ್ಯಪ್ ಅನ್ನೋದು ಮುಂದಿನ ಬಾಗಿಲು ಅಷ್ಟೆ, ದುಡ್ಡು ಕೊಡೋದು ಹಿಂದಿರೋ ಯಾವುದೋ ಬ್ಯಾಂಕು ಇಲ್ಲಾ ಎನ್‌ಬಿಎಫ್‌ಸಿ, ಅಂದ್ರೆ ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ. ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಲ್ಲಿ ತಂದ ಡಿಜಿಟಲ್ ಸಾಲದ ನಿಯಮದ ಪ್ರಕಾರ ಇಂಥ ಸಾಲ ಎಷ್ಟೇ ಚಿಕ್ಕದಿರ್ಲಿ, ಎಷ್ಟೇ ಕಮ್ಮಿ ದಿನದ್ದಿರ್ಲಿ, ಕ್ರೆಡಿಟ್ ಕಂಪನಿಗಳಿಗೆ (ಸಿಬಿಲ್ ಥರ ಎಲ್ಲರ ಸಾಲದ ದಾಖಲೆ ಇಡೋರಿಗೆ) ವರದಿ ಮಾಡಲೇಬೇಕು. ಹಾಗಾಗಿ ನಿಮ್ಮ ರೀಚಾರ್ಜು ಒಂದು ಕಾರ್ ಲೋನ್ ಹೇಗೆ ಬರುತ್ತೋ ಹಾಗೇ ರಿಪೋರ್ಟಲ್ಲಿ ಬಂದಿದೆ. ಆ್ಯಪ್ ಡಿಲೀಟ್ ಮಾಡಿದ್ರೆ ಖಾತೆ ಹೋಗಲ್ಲ, ನಂಬರ್ ಬದಲಾದ್ರೆ ಬರೋ ಎಚ್ಚರಿಕೆ ಮೆಸೇಜೆಲ್ಲಾ ಹಳೇ ನಂಬರಿಗೇ ಹೋಗುತ್ತೆ, ನಿಮಗಾಗಿದ್ದು ಅದೇ.

ಈಗ ಮಾಡೋದು ಇಷ್ಟು. ಭಾರತದಲ್ಲಿ ಕ್ರೆಡಿಟ್ ರಿಪೋರ್ಟ್ ಇಡೋ ಕಂಪನಿ ನಾಲ್ಕಿವೆ, ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಈ ನಾಲ್ಕು ಕಂಪನಿಗಳೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀಯಾಗಿ ಕೊಡಲೇಬೇಕು, ತೆಗೀರಿ, ಬರೀ ಸ್ಕೋರ್ ನೋಡ್ಬೇಡಿ, ಸಾಲ ಕೊಟ್ಟವರ ಹೆಸರು, ಖಾತೆ ತೆರೆದ ದಿನ, ಬಾಕಿ ಮೊತ್ತ ನೋಡಿ. ಆಮೇಲೆ ಆ ಫೈನಾನ್ಸ್ ಕಂಪನಿಗೆ ಇಮೇಲ್ ಹಾಕಿ, ಫೋನ್ ಬೇಡ. ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು ಬಿಡಿಸಿ ಕೊಡಿ ಅಂತ ಕೇಳಿ. ದಂಡವನ್ನ ಬಾಕಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕೋ ಹಾಗಿಲ್ಲ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿರೋ ನಿಯಮ ಅದು. ಲೆಕ್ಕ ಬಂದ ಮೇಲೆ ಎಷ್ಟೋ ಸಲ ಅವರೇ ದಂಡ ಕಮ್ಮಿ ಮಾಡ್ತಾರೆ, ಕಮ್ಮಿ ಮಾಡಿದ್ರೂ ‘ಪೂರ್ತಿ ಬಾಕಿ ತೀರಿದೆ, ಖಾತೆ ಕ್ಲೋಸ್’ ಅಂತಾನೇ ವರದಿ ಮಾಡ್ತೀವಿ ಅನ್ನೋ ಮಾತು ಲಿಖಿತವಾಗಿ ಬರಬೇಕು. ಒಪ್ಪಲ್ಲ ಅಂದ್ರೆ? ತಕರಾರು ಇಟ್ಕೊಂಡೇ ಕಟ್ಟಿಬಿಡಿ, ‘ಈ ದಂಡ ಒಪ್ಪಿಲ್ಲ, ಆದ್ರೂ ಕಟ್ತಾ ಇದೀನಿ’ ಅಂತ ಮೇಲ್‌ನಲ್ಲಿ ಬರೆದು ಕಟ್ಟಿ, ಜಗಳ ಆಮೇಲೂ ಮಾಡಬಹುದು. ಈ ಅಂಕಣದಲ್ಲಿ ನಾನು ಪದೇ ಪದೇ ಹೇಳೋದು ಇದನ್ನೇ, ಚಿಕ್ಕ ಮೊತ್ತದ ತಕರಾರನ್ನ ಕಟ್ಟದೆ ಇರೋದ್ರಿಂದ ತೋರಿಸ್ಬೇಡಿ, ಯಾಕಂದ್ರೆ ರಿಪೋರ್ಟಲ್ಲಿ ನಿಮ್ಮ ನ್ಯಾಯ ಬರೆಯೋಕೆ ಕಾಲಂ ಇಲ್ಲ, ತಡ ಆದ ದಿನ ಬರೆಯೋಕೆ ಮಾತ್ರ ಇದೆ.

ಕಟ್ಟಿದ ಮೇಲೆ ನೋ ಡ್ಯೂಸ್ ಪತ್ರ ತಗೊಳ್ಳಿ. ಒಂದು ತಿಂಗಳಾದ್ರೂ ರಿಪೋರ್ಟ್ ಸರಿಹೋಗ್ದೆ ಇದ್ರೆ ಆ ಕ್ರೆಡಿಟ್ ಕಂಪನಿ ಸೈಟಲ್ಲೇ ಡಿಸ್‌ಪ್ಯೂಟ್ ಹಾಕಿ. ದೂರು ಕೊಟ್ಟ ದಿನದಿಂದ 30 ದಿನದೊಳಗೆ ಇತ್ಯರ್ಥ ಆಗ್ಬೇಕು, ಅದರಲ್ಲಿ ಸಾಲ ಕೊಟ್ಟವರಿಗೆ 21 ದಿನ. ದಾಟಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ, ಯಾರು ತಡ ಮಾಡಿದ್ರೋ ಅವರು ಕೊಡ್ಬೇಕು, 2024ರ ಏಪ್ರಿಲ್ 26ರಿಂದ ಇದೆ. ಅಂದಹಾಗೆ ಕಟ್ಟಿದ ತಕ್ಷಣ ಹಳೇ ತಡದ ದಾಖಲೆ ಅಳಿಸಿ ಹೋಗುತ್ತೆ ಅನ್ಕೋಬೇಡಿ, ನಿಜವಾಗಿ ತಡ ಆಗಿದ್ದು ಅಲ್ಲೇ ಇರುತ್ತೆ, ಸಿಬಿಲ್ ರಿಪೋರ್ಟಲ್ಲಿ 36 ತಿಂಗಳವರೆಗಿನ ಕಟ್ಟಿದ ಚರಿತ್ರೆ ಕಾಣುತ್ತೆ. ಆದ್ರೆ ನೋ ಡ್ಯೂಸ್ ಪತ್ರ, 380 ರೂಪಾಯಿ ಕಥೆ ಎರಡನ್ನೂ ಹಿಡ್ಕೊಂಡು ಮ್ಯಾನೇಜರ್ ಹತ್ರ ಕೂತು ಮಾತಾಡಿ. ಸಂಬಳದ ಸ್ಲಿಪ್ ಸರಿ ಇದ್ರೆ ಕೇಳೋ ಮ್ಯಾನೇಜರ್‌ಗಳು ಇದಾರೆ, ಆ ಬ್ಯಾಂಕ್ ಇಲ್ಲ ಅಂದ್ರೆ ನಾಲ್ಕು ತಿಂಗಳು ಬಿಟ್ಟು ಇನ್ನೊಂದು ಕಡೆ ಕೇಳಿ. ಒಂದೇ ವಾರದಲ್ಲಿ ಹತ್ತು ಕಡೆ ಅರ್ಜಿ ಹಾಕ್ಬೇಡಿ, ಪ್ರತಿ ಅರ್ಜಿಯ ಎನ್‌ಕ್ವೈರಿಯೂ, ಅಂದ್ರೆ ಬ್ಯಾಂಕಿನವರು ನಿಮ್ಮ ರಿಪೋರ್ಟ್ ತೆಗೆದು ನೋಡಿದ್ದೂ, ರಿಪೋರ್ಟಲ್ಲಿ ಕೂರುತ್ತೆ.

ಪ್ರಶ್ನೆ: ಅಂಗಡೀಲಿ ಯುಪಿಐ ಮಾಡಿದೆ, ನನ್ನ ಖಾತೆಯಿಂದ 6,500 ಕಟ್ ಆಯ್ತು, ಅಂಗಡಿಯವರಿಗೆ ಬರಲಿಲ್ಲ. ಕಾರ್ಡಲ್ಲಿ ಮತ್ತೆ ಕೊಟ್ಟೆ. ಅದೇ ವಾರ ಬೈಕ್ ಲೋನ್ ಕಂತು ಇತ್ತು, ಖಾತೇಲಿ ದುಡ್ಡಿಲ್ದೆ ಬೌನ್ಸ್ ಆಯ್ತು. ಬ್ಯಾಂಕ್ 590 ಹಾಕ್ತು, ಫೈನಾನ್ಸ್‌ನವರು ಬೇರೆ ಹಾಕಿದ್ರು. ತಪ್ಪು ನಂದಲ್ವಲ್ಲ. (ದಾವಣಗೆರೆ)

ಉತ್ತರ: ನಿಮ್ದಲ್ಲ, ಆದ್ರೆ ಕಂತಿನ ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಅಂಗಡಿಗೆ ಮಾಡಿದ ಯುಪಿಐ ದುಡ್ಡು ಕಟ್ಟಾಗಿ ಆಕಡೆ ಕನ್ಫರ್ಮ್ ಆಗ್ದೆ ಇದ್ರೆ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ತಾನಾಗೇ ವಾಪಸ್ ಬರ್ಬೇಕು, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ನಿಮಗೆ ಸೇರ್ಬೇಕು. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಮಾಡಿದ್ದಾದ್ರೆ ಒಂದೇ ದಿನ ಗಡುವು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಇದು, ಕ್ಯಾಲೆಂಡರ್ ದಿನ ಲೆಕ್ಕ, ಭಾನುವಾರನೂ ಸೇರುತ್ತೆ. ನೀವು ಕೇಳದೇನೇ ಕೊಡ್ಬೇಕು ಅಂತ ಇದೆ, ಆದ್ರೂ ಕೇಳಿ. ಆ್ಯಪಲ್ಲಿರೋ 12 ಅಂಕಿಯ ರೆಫರೆನ್ಸ್ ನಂಬರ್ ಹಾಕಿ ದೂರು ಕೊಡಿ, ದೂರಿನ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.

590 ಅಂದ್ರೆ 500 ಪ್ಲಸ್ 18 ಪರ್ಸೆಂಟ್ ಜಿಎಸ್‌ಟಿ. ಇದನ್ನ ವಾಪಸ್ ಕೊಡ್ಲೇಬೇಕು ಅನ್ನೋ ನೇರ ನಿಯಮ ಇದೆ ಅಂತ ನಾನು ಹೇಳಲ್ಲ, ಆದ್ರೆ ನಿಮ್ಮ ಬ್ಯಾಂಕಿಂದಲೇ ದುಡ್ಡು ಸಿಕ್ಕಾಕೊಂಡಿತ್ತು, ಅದಕ್ಕೇ ಬೌನ್ಸ್ ಆಯ್ತು ಅಂತ ಎರಡು ತಾರೀಖನ್ನೂ ಪಕ್ಕಪಕ್ಕ ಬರೆದು ಬ್ರ್ಯಾಂಚಿಗೆ ಕೊಡಿ, ಕೇಳಿದವರಿಗೆ ಬಿಡ್ತಾರೆ. ಕಂತು ಮಾತ್ರ ಬೌನ್ಸ್ ಆದ ದಿನಾನೇ ಫೈನಾನ್ಸ್‌ನವರ ಆ್ಯಪಲ್ಲೋ ಆಫೀಸಲ್ಲೋ ಕಟ್ಟಿಬಿಡಬೇಕಿತ್ತು. ಇನ್ನೂ ಕಟ್ಟಿಲ್ಲ ಅಂದ್ರೆ ಇದನ್ನ ಓದೋದು ನಿಲ್ಲಿಸಿ ಕಟ್ಟಿ ಬನ್ನಿ. ತಿಂಗಳ ಕೊನೆ ಒಳಗೆ ಕಟ್ಟಿದ್ರೆ ಸಿಬಿಲ್‌ಗೆ ಹೋಗಲ್ಲ ಅಂತ ಒಂದು ಹಳೇ ನಂಬಿಕೆ ಇದೆ ಜನರಲ್ಲಿ. 2025ರ ಜನವರಿಯಿಂದ ಸಾಲ ಕೊಡೋರು ಕನಿಷ್ಠ ಹದಿನೈದು ದಿನಕ್ಕೊಂದ್ಸಲ ವರದಿ ಕಳಿಸ್ಬೇಕು, ಆ ಲೆಕ್ಕ ಈಗ ನಡೆಯಲ್ಲ.

ಪ್ರಶ್ನೆ: ಕೆಲಸ ಬಿಟ್ಟ ಮೇಲೆ ಸ್ಯಾಲರಿ ಅಕೌಂಟ್ ಮುಟ್ಟಿಲ್ಲ. ಈಗ ನೋಡಿದ್ರೆ ಮೈನಸ್ 2,400. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ. ಇದೂ ಸಿಬಿಲ್‌ಗೆ ಹೋಗುತ್ತಾ? (ರಾಯಚೂರು)

ಉತ್ತರ: ಬರೀ ಮಿನಿಮಮ್ ಬ್ಯಾಲೆನ್ಸ್ ದಂಡದಿಂದ ಉಳಿತಾಯ ಖಾತೆ ಮೈನಸ್‌ಗೆ ಹೋಗೋ ಹಾಗೇ ಇಲ್ಲ, 2014ರ ನವೆಂಬರಿನ ಸುತ್ತೋಲೆ, 2015ರ ಏಪ್ರಿಲ್‌ನಿಂದ ಜಾರಿ. ದಂಡ ಹಾಕೋ ಮುಂಚೆ ನಿಮಗೆ ತಿಳಿಸಿ ಒಂದು ತಿಂಗಳು ಟೈಮ್ ಕೊಡ್ಬೇಕು, ಎಷ್ಟು ಕಮ್ಮಿ ಇದೆಯೋ ಅದಕ್ಕೆ ತಕ್ಕ ಹಾಗೆ ಮಾತ್ರ ಹಾಕ್ಬೇಕು. ಎರಡು ವರ್ಷ ನೀವೇ ಯಾವ ವಹಿವಾಟೂ ಮಾಡ್ದೆ ಖಾತೆ ಇನಾಪರೇಟಿವ್ ಆಗಿದ್ರೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕೋ ಹಾಗೇ ಇಲ್ಲ. ಸಂಬಳ ಬರೋದು ನಿಂತು ಕೆಲವು ತಿಂಗಳಾದ ಮೇಲೆ ಸ್ಯಾಲರಿ ಖಾತೆ ಮಾಮೂಲಿ ಖಾತೆ ಆಗಿಬಿಡುತ್ತೆ, ಬಹಳ ಜನಕ್ಕೆ ಇದು ಗೊತ್ತಿರಲ್ಲ, ಅಲ್ಲಿಂದ ಶುರು ಆಗೋದು ಇದೆಲ್ಲಾ. ಹಾಗಂತ ಎಲ್ಲಾ ಬ್ಯಾಂಕೂ ಹೀಗಲ್ಲ, ಎಸ್‌ಬಿಐ 2020ರಲ್ಲೇ ಮಿನಿಮಮ್ ಬ್ಯಾಲೆನ್ಸ್ ದಂಡ ಬಿಡ್ತು, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಬಿಟ್ಟಿದೆ.

ಸ್ಟೇಟ್‌ಮೆಂಟ್ ತೆಗೆಸಿ ಮೈನಸ್ ಯಾವ ಯಾವ ಚಾರ್ಜಿಂದ ಆಗಿದೆ ನೋಡಿ, ದಂಡದಿಂದಾಗಿದ್ರೆ ತೆಗೆದುಹಾಕಿ ಖಾತೆ ಮುಚ್ಚಿ ಅಂತ ಬರೆದುಕೊಡಿ. ಮಾಮೂಲಿ ಉಳಿತಾಯ ಖಾತೆ ಸಾಲ ಅಲ್ಲ, ಸಿಬಿಲ್ ಭಯ ಬೇಡ. ಆದ್ರೆ ನಿಮ್ಮ ಸ್ಯಾಲರಿ ಅಕೌಂಟಿಗೆ ಓವರ್‌ಡ್ರಾಫ್ಟ್ ಕೊಟ್ಟಿದ್ರಾ ಅಂತ ಒಂದ್ಸಲ ನೋಡ್ಕೊಳ್ಳಿ, ಅದಿದ್ರೆ ಅದು ಸಾಲವೇ, ಕಥೆ ಬೇರೆ.

ಪ್ರಶ್ನೆ: ತಂದೆಗೆ ಕೆವೈಸಿ ಅಪ್‌ಡೇಟ್ ಅಂತ ಫೋನ್ ಬಂತು, ಒಟಿಪಿ ಹೇಳಿಬಿಟ್ರು. ಸಂಜೆ 6 ಗಂಟೆಗೆ 40,000 ಹೋಯ್ತು, ನಾನು 6.20ಕ್ಕೆ ಬ್ಯಾಂಕ್ ಹೆಲ್ಪ್‌ಲೈನಿಗೆ ಹೇಳಿದೆ, 6.45ಕ್ಕೆ ಮತ್ತೆ 25,000 ಹೋಯ್ತು. ಅದರ ಜೊತೆ ಅವರ ಹೆಸರಲ್ಲಿ 2 ಲಕ್ಷ ಪ್ರೀ ಅಪ್ರೂವ್ಡ್ ಲೋನ್ ತೆಗೆದು ಅದನ್ನೂ ಸಾಗಿಸಿದ್ದಾರೆ. ಬ್ಯಾಂಕಲ್ಲಿ ಒಟಿಪಿ ಕೊಟ್ಟಿದ್ದು ನೀವೇ, ನಾವೇನೂ ಮಾಡೋಕಾಗಲ್ಲ ಅಂತಾರೆ. (ಶಿವಮೊಗ್ಗ)

ಉತ್ತರ: ನಾವೇನೂ ಮಾಡೋಕಾಗಲ್ಲ ಅನ್ನೋದು ಪೂರ್ತಿ ಸರಿಯಲ್ಲ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಲ್ಲಿ ಗ್ರಾಹಕನದೇ ಅಜಾಗರೂಕತೆ ಇದ್ರೆ ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಗ್ರಾಹಕನದು ಅಂತಿದೆ, ತಿಳಿಸಿದ ಮೇಲಾದ ನಷ್ಟ ಬ್ಯಾಂಕಿನದು ಅಂತಾನೂ ಇದೆ. ನೀವು 6.20ಕ್ಕೆ ಹೇಳಿದ್ರಿ, ಹಾಗಾಗಿ 6.45ರ 25,000 ಬ್ಯಾಂಕಿನ ಮೇಲೆ ಬೀಳುತ್ತೆ. ನಿಮ್ಮ ಫೋನಿನ ಕಾಲ್ ಲಾಗ್, ದೂರಿನ ನಂಬರಿನ ಮೆಸೇಜು ಇವು ಈಗ ಚಿನ್ನ, ಅಳಿಸ್ಬೇಡಿ. ಲೋನ್ ಎಷ್ಟು ಗಂಟೆಗೆ ಮಂಜೂರಾಯ್ತು, ದುಡ್ಡು ಎಷ್ಟು ಗಂಟೆಗೆ ಹೊರಗೆ ಹೋಯ್ತು ಅದನ್ನೂ ಲಿಖಿತವಾಗಿ ಕೇಳಿ, 6.20ರ ಆಚೆನೋ ಈಚೆನೋ ಅನ್ನೋದ್ರ ಮೇಲೆ 2 ಲಕ್ಷ ನಿಂತಿದೆ.

(ಬೇರೆ ಓದುಗರಿಗೆ, ಒಟಿಪಿ ಪಿನ್ ಯಾರಿಗೂ ಕೊಡದೆ ಹೊರಗಿನವರ ಕೈವಾಡದಿಂದ ದುಡ್ಡು ಹೋಗಿದ್ರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದ್ರೆ ನಿಮ್ಮ ನಷ್ಟ ಸೊನ್ನೆ. 4ರಿಂದ 7 ದಿನ ಆದ್ರೆ ಮಾಮೂಲಿ ಉಳಿತಾಯ ಖಾತೆಗೆ ಹೆಚ್ಚಂದ್ರೆ 10,000.)

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೀರಾ, ಪತ್ರದಲ್ಲಿ ಬರೆದಿಲ್ಲ. ಮಾಡಿಲ್ಲ ಅಂದ್ರೆ ಈಗ್ಲೇ ಮಾಡಿ, ದುಡ್ಡು ಹೋದ ಖಾತೇಲಿ ಏನಾದ್ರೂ ಉಳಿದಿದ್ರೆ ತಡೆಹಿಡಿಯೋಕೆ ಆಗೋದು ಅಲ್ಲಿಂದಲೇ. ಪೊಲೀಸ್ ದೂರಿನ ಪ್ರತಿ ಹಚ್ಚಿ ಬ್ಯಾಂಕಿಗೆ ಪತ್ರ ಬರೀರಿ, ಈ ಲೋನ್ ನಾವು ತಗೊಂಡಿದ್ದಲ್ಲ, ವಿಚಾರಣೆ ಮುಗಿಯೋವರೆಗೂ ಕಂತು ಕಟ್ ಮಾಡ್ಬೇಡಿ, ಕ್ರೆಡಿಟ್ ಕಂಪನಿಗೆ ಬಾಕಿ ಅಂತ ಕಳಿಸ್ಬೇಡಿ ಅಂತ. ದೂರನ್ನ 90 ದಿನದೊಳಗೆ ಮುಗಿಸ್ಬೇಕು ಅವರು. ಕಟ್ಟಿ ಆಮೇಲೆ ಜಗಳ ಆಡಿ ಅಂತ ಹಾಸನದವರಿಗೆ ಹೇಳಿದೆ, ನಿಮಗೆ ಹೇಳಲ್ಲ, 2 ಲಕ್ಷ ಕಟ್ಟಿ ಅನ್ನೋಕೆ ನನಗೂ ಬಾಯಿ ಬರಲ್ಲ. ಕಂತಿನ ವಿಷಯಕ್ಕೆ ಒಬ್ಬ ವಕೀಲರನ್ನ ನೋಡಿ. ಬ್ಯಾಂಕು 30 ದಿನ ಉತ್ತರ ಕೊಡಲಿಲ್ಲ, ಇಲ್ಲಾ ಕೊಟ್ಟಿದ್ದು ಸಮಾಧಾನ ಆಗಲಿಲ್ಲ ಅಂದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಿ, ಆನ್‌ಲೈನಲ್ಲೇ ಕೊಡಬಹುದು, ಶುಲ್ಕ ಇಲ್ಲ, 14448ಕ್ಕೆ ಫೋನ್ ಮಾಡಿದ್ರೆ ಹೇಗೆ ಅಂತ ಹೇಳ್ತಾರೆ. ಬ್ಯಾಂಕಿಗೆ ಕೊಟ್ಟ ಲಿಖಿತ ದೂರಿಲ್ದೆ ನೇರ ಅಲ್ಲಿಗೆ ಹೋದ್ರೆ ತಗೊಳ್ಳಲ್ಲ. ತಂದೆಯವರನ್ನ ಬೈಬೇಡಿ, ಆ ಫೋನ್ ಮಾಡೋರು ಓದಿದವರಿಗೂ ಟೋಪಿ ಹಾಕ್ತಾರೆ.

ಪ್ರಶ್ನೆ: ಕ್ರೆಡಿಟ್ ಕಾರ್ಡ್ ಕ್ಲೋಸ್ ಮಾಡಿ ಅಂತ ಹೇಳಿ ಎರಡು ತಿಂಗಳಾಯ್ತು, ಮತ್ತೆ ವರ್ಷದ ಫೀಸ್ ಹಾಕಿದ್ದಾರೆ. ಸ್ಕೋರ್ ಕಮ್ಮಿ ಆಗ್ಬಾರ್ದು ಅಂತ ಒಬ್ಬರು 5,000 ಕೊಟ್ರೆ ಸರಿ ಮಾಡಿಸ್ಕೊಡ್ತೀನಿ ಅಂತಿದಾರೆ. ದಿನಾ ಸ್ಕೋರ್ ನೋಡ್ತಿದೀನಿ, ಅದರಿಂದಲೂ ಕಮ್ಮಿ ಆಗುತ್ತಾ? (ಮೈಸೂರು)

ಉತ್ತರ: ನೀವೇ ನೋಡ್ಕೊಂಡ್ರೆ ಕಮ್ಮಿ ಆಗಲ್ಲ, ನೋಡಿ. ಬಾಕಿ ಏನೂ ಇಲ್ದಿದ್ರೆ ಕಾರ್ಡ್ ಮುಚ್ಚೋ ಕೋರಿಕೆ 7 ಕೆಲಸದ ದಿನದೊಳಗೆ ಮುಗೀಬೇಕು, ಇಲ್ಲಾಂದ್ರೆ ಮುಚ್ಚೋವರೆಗೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡ್ಬೇಕು, 2022ರ ಕಾರ್ಡ್ ನಿಯಮದಲ್ಲಿದೆ. ನೀವು ‘ಹೇಳಿ’ ಅಂತ ಬರೆದಿದೀರ, ಇಮೇಲಾ ಫೋನಾ ಗೊತ್ತಾಗ್ತಿಲ್ಲ. ಫೋನಾದ್ರೆ ರಿಕ್ವೆಸ್ಟ್ ನಂಬರ್ ಹುಡುಕಿ, ಸಿಗ್ಲಿಲ್ವಾ, ಇವತ್ತೇ ಇಮೇಲ್ ಹಾಕಿ, ಮುಚ್ಚೋಕೆ ಹೇಳಿದ ಮೇಲೆ ಬಿದ್ದ ಫೀಸು ತೆಗೀರಿ ಅಂತ ಅದರಲ್ಲೇ ಬರೀರಿ. ಒಪ್ಪದೆ ಇದ್ರೆ ಆ ಫೀಸು ಕಟ್ಟಿಟ್ಟು ಓಂಬುಡ್ಸ್‌ಮನ್ ಹತ್ರ ಕೇಳಿ. ಡ್ಯೂ ಡೇಟ್ ಆಗಿ 3 ದಿನ ದಾಟಿದ್ರೆ ತಡ ಅಂತ ವರದಿ ಮಾಡೋಕೆ ಅವರಿಗೆ ಅವಕಾಶ ಇದೆ.

ಆ 5,000ದವರು ಮಾಡೋದು ಏನು ಅಂದ್ರೆ ನಿಮ್ಮ ಹೆಸರಲ್ಲಿ ಡಿಸ್‌ಪ್ಯೂಟ್ ಫಾರಂ ತುಂಬೋದು, ಅದು ಫ್ರೀ, ಹತ್ತು ನಿಮಿಷದ ಕೆಲಸ. ನಿಜವಾದ ಬಾಕಿ ಅಳಿಸೋಕೆ ಅವರ ಕೈಲೂ ಆಗಲ್ಲ. ಪ್ಯಾನ್ ನಂಬರು, ಒಟಿಪಿ ಕೇಳಿದ್ರೆ ಕೊಟ್ಟಿಲ್ಲ ತಾನೇ? ಕೊಟ್ಟಿದ್ರೆ ಇವತ್ತೇ ನಾಲ್ಕೂ ರಿಪೋರ್ಟ್ ತೆಗೆದು, ನೀವು ಹಾಕದ ಅರ್ಜಿ ಯಾವುದಾದ್ರೂ ಎನ್‌ಕ್ವೈರಿ ಪಟ್ಟೀಲಿ ಇದೆಯಾ ನೋಡಿ.